ಹೊರಗೆ ಬಂದಷ್ಟೇ ಒಳಗೂ

ಸೋಮವಾರ ಬೆಳಗ್ಗೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇಳಿಸಿ, ಪಂಪಿಗೆ ಹೋಗುವ ಆಯಿಲ್ ಸೋಸುವ ಸ್ಟ್ರೇನರ್ ಬಿಚ್ಚಿದೆ. ಜಾಲರಿಯ ತುಂಬ ಜೋಡಣೆಯ ಸಂದಿ ಮುಚ್ಚಲು ಹಾಕುವ ಸಿಲಿಕೋನ್ ಅಂಟಿನ ಬೂದು ಬಣ್ಣದ ಎಳೆಗಳು ಹುಳುಗಳ ಹಾಗೆ ಅಂಟಿಕೊಂಡಿದ್ದವು. ಚಿಮುಟದಿಂದ ಒಂದೊಂದಾಗಿ ಕಿತ್ತು ಬಟ್ಟೆಯ ಮೇಲಿಟ್ಟು ಎಣಿಸಿದೆ. ಹನ್ನೊಂದು. ಎಲ್ಲಕ್ಕಿಂತ ಉದ್ದದ್ದು ನನ್ನ ಕಿರುಬೆರಳಿನಷ್ಟಿತ್ತು. ಎರಡು ತಿಂಗಳ ಹಿಂದೆ ಆ ಎಂಜಿನ್ ಜೋಡಿಸಿದವನು ನಾನೇ.

ಗಾಡಿ ವಾಪಸ್ ಬಂದದ್ದು ಆಯಿಲ್ ಸೋರುತ್ತಿದೆ ಎಂದು. ಚೇಂಬರಿನ ಹಿಂದಿನ ಮೂಲೆ ಒದ್ದೆಯಾಗಿತ್ತು. ನನಗೆ ನಂಬಿಕೆಯೇ ಬರಲಿಲ್ಲ. ಸುತ್ತಲೂ ಹೊರಗೆ ಉಬ್ಬಿ ಬಂದು ಗಟ್ಟಿಯಾದ ಸಿಲಿಕೋನ್ ಅಂಚು ಇನ್ನೂ ಹಾಗೇ ಇತ್ತು. ಅದನ್ನೇ ತೋರಿಸಿ, "ನೋಡಿ ಅಣ್ಣ, ಎಲ್ಲೂ ಒಂಚೂರು ಜಾಗ ಬಿಟ್ಟಿಲ್ಲ" ಅಂದೆ. ಅಣ್ಣ ಅಂದರೆ ನನಗೆ ಕೆಲಸ ಕಲಿಸಿದವರು. ಅವರು ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಹೊರಗೆ ಎಷ್ಟು ಬಂದಿದೆಯೋ ಒಳಗೂ ಅಷ್ಟೇ ಹೋಗಿರತ್ತೆ ಕಣೋ. ಹೊರಗಿಂದು ಇಲ್ಲಿದೆ. ಒಳಗಿಂದು ಎಲ್ಲಿ?" ಅಂದರು.

ಒಳಗಿನದು ಸ್ಟ್ರೇನರಿನಲ್ಲಿತ್ತು.

ಗಾಡಿಯ ಯಜಮಾನರು ಒಳ್ಳೆಯವರು, ಆದರೆ ತುಂಬ ಅವಸರದವರು. ನಿಂತಾಗ ಆಯಿಲ್ ಲೈಟ್ ಒಮ್ಮೊಮ್ಮೆ ಮಿನುಗುತ್ತದೆ, ಆಮೇಲೆ ತಾನೇ ಆರುತ್ತದೆ ಎಂದು ಮಾತಿನ ಮಧ್ಯೆ ಹೇಳಿದರು. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಜಾಲರಿ ಕಟ್ಟಿಕೊಂಡರೆ ಪಂಪು ಎಳೆಯುವುದಾದರೂ ಏನನ್ನು? ಬೇರಿಂಗಿಗೆ ಆಯಿಲ್ ತಲುಪದಿದ್ದರೆ ಅದರಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಗೀರಿಹೋಗಲು ಹೆಚ್ಚು ಹೊತ್ತು ಬೇಡ. ಸೋರಿಕೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಒಂದು ಬೇರಿಂಗಿನ ಕ್ಯಾಪ್ ಬಿಚ್ಚಿ ನೋಡಿದೆವು. ಪುಣ್ಯಕ್ಕೆ ಬೇರಿಂಗಿಗೆ ಏನೂ ಆಗಿರಲಿಲ್ಲ.

ಅಷ್ಟು ಮೆತ್ತಿದ್ದರೂ ಸೋರಿದ್ದು ಹೇಗೆ? ಹಿಂದಿನ ಮೂಲೆಯಲ್ಲಿ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕು, ಹಿಂದಿನ ಆಯಿಲ್ ಸೀಲನ್ನು ಹಿಡಿದಿಡುವ ಹೌಸಿಂಗು, ಚೇಂಬರು ಮೂರೂ ಕೂಡುತ್ತವೆ. ಉಗುರು ಎಳೆದರೆ ಅಲ್ಲಿ ಸಣ್ಣ ಮೆಟ್ಟಿಲು ಸಿಗುತ್ತದೆ. ಆ ಸಂದಿಗೆ ಬೇರೆಯಾಗಿ ಸಿಲಿಕೋನಿನ ಒಂದು ಬೊಟ್ಟು ಬೇಕು. ಅದೂ ಅಲ್ಲದೆ ಬಿಚ್ಚಿದ ಬ್ಲಾಕಿನಿಂದ ಆಯಿಲ್ ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ. ಒರೆಸಿ ಈ ಕಡೆ ತಿರುಗುವಷ್ಟರಲ್ಲಿ ಇನ್ನೊಂದು ತೆಳು ಪದರ ಬಂದು ಕೂತಿರುತ್ತದೆ. ಆಯಿಲ್ ಮೇಲೆ ಸಿಲಿಕೋನ್ ಕಚ್ಚುವುದೇ ಇಲ್ಲ, ಎಷ್ಟು ದಪ್ಪ ಹಾಕಿದರೂ ಅಷ್ಟೇ. ನಮ್ಮ ಆರ್‌ಟಿವಿ (ಕೋಣೆಯ ಶಾಖದಲ್ಲೇ ಗಟ್ಟಿಯಾಗುವ) ಸಿಲಿಕೋನ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಪೂರ್ತಿ ಆಗಲು ಸುಮಾರು 24 ಗಂಟೆ ಬೇಕು, ದಪ್ಪವಾದಷ್ಟೂ ಇನ್ನೂ ತಡ. ನಾನು ಸಂಜೆ ಕೂರಿಸಿ ಬೆಳಗ್ಗೆ ಆಯಿಲ್ ತುಂಬಿ ಗಾಡಿ ಕಳಿಸಿದ್ದೆ.

ಜೊತೆಗೆ ಕೆಲಸ ಕಲಿತ ಗೆಳೆಯನೊಬ್ಬ ಯಾವಾಗಲೂ, "ಧಾರಾಳವಾಗಿ ಹಾಕು ಮಾರಾಯ, ಸೋರಲ್ಲ" ಅನ್ನುತ್ತಿದ್ದ. ಅವನ ಕೈ ಬಹಳ ಚುರುಕು, ಆ ಚುರುಕುತನ ಕಂಡರೆ ನನಗೆ ಈಗಲೂ ಇಷ್ಟ. ಆದರೆ ಕೆರೆಯುವುದು, ಒರೆಸುವುದು ಅವನ ಲೆಕ್ಕದಲ್ಲಿ ಕೆಲಸವೇ ಅಲ್ಲ. ಅವನನ್ನು ದೂರಿ ಏನು ಬಂತು? ಈ ವಾರವೆಲ್ಲ ನನ್ನನ್ನು ನಾನೇ ಕೇಳಿಕೊಂಡೆ, ಅಷ್ಟೊಂದು ಯಾಕೆ ಹಾಕಿದೆ ಎಂದು. ಸರಿಯಾಗಿ ಒರೆಸಿದ್ದೇನೆ ಎಂಬ ಧೈರ್ಯ ನನಗಿರಲಿಲ್ಲ. ಆ ಅನುಮಾನದ ಮೇಲೆ ಸಿಲಿಕೋನ್ ಮೆತ್ತಿದ್ದೆ. ಹೊರಗೆ ಉಬ್ಬಿ ಬಂದ ಅಂಚು ನೋಡಿ ಸಮಾಧಾನ ಮಾಡಿಕೊಂಡಿದ್ದೆ. ಮನೆಯಲ್ಲೂ ಎಷ್ಟೋ ಸಲ ಹೀಗೇ ಮಾಡಿದ್ದೇನೆ. ಆಡಬೇಕಾದ ಒಂದು ಮಾತು ಆಡದೆ, ಸುತ್ತ ಹತ್ತು ಮಾತು ಮೆತ್ತಿದ್ದೇನೆ.

ಎರಡನೇ ಸಲ ಅಣ್ಣ ಮೊದಲು ಮುಟ್ಟಿದ್ದು ಚೇಂಬರನ್ನಲ್ಲ, ಎಂಜಿನ್ನಿನ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪನ್ನು. ಅದು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಎಂಥ ಜೋಡಣೆಯಿಂದಲೂ ಆಯಿಲನ್ನು ಹೊರಗೆ ನೂಕುತ್ತದೆ. ಪೈಪು ಸರಿಯಿತ್ತು. ಬ್ಲಾಕನ್ನು ಇಡೀ ರಾತ್ರಿ ಹಾಗೇ ಇಳಿಯಲು ಬಿಟ್ಟೆವು. ಹಳೆಯ ಸಿಲಿಕೋನನ್ನು ಪ್ಲಾಸ್ಟಿಕ್ ತುಂಡಿನಿಂದಲೇ ಕೆರೆದೆ, ಅಲ್ಯೂಮಿನಿಯಂಗೆ ಬ್ಲೇಡು ತಾಗಿ ಗೀರು ಬಿದ್ದರೆ ಆಯಿಲಿಗೆ ಅದೇ ದಾರಿಯಾಗುತ್ತದೆ. ಹಿಂದೆ ಬೋಲ್ಟುಗಳನ್ನು ಅತಿಯಾಗಿ ಬಿಗಿದು ಚೇಂಬರಿನ ತಗಡಿನ ಅಂಚು ತೂತುಗಳ ಸುತ್ತ ಉಬ್ಬಿತ್ತು. ಅಣ್ಣ ಅದನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ಮಟ್ಟ ಮಾಡಿದರು, ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕ್ಲೀನರ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಲು ಹೇಳಿದರು. ಬಟ್ಟೆ ಬೂದಾಗಿ ಬಂತು. "ಇನ್ನೊಂದ್ಸಲ." ಮತ್ತೆ ಬೂದು. "ಇನ್ನೊಂದ್ಸಲ." ಐದನೇ ಬಟ್ಟೆ ಬಿಳಿಯಾಗಿಯೇ ಬಂತು.

ಸಿಲಿಕೋನ್ ಹಾಕುವ ಕೆಲಸಕ್ಕೆ ಎರಡು ನಿಮಿಷ ಹಿಡಿಯಿತು. ಮೂರು ಮಿಲಿಮೀಟರ್ ದಪ್ಪದ ಒಂದೇ ಗೆರೆ, ಬೋಲ್ಟಿನ ತೂತುಗಳ ಒಳಮಗ್ಗುಲಲ್ಲಿ, ಎಲ್ಲೂ ಕಡಿಯದ ಹಾಗೆ. ಮೂಲೆಯ ಸಂದಿಗೆ ಒಂದು ಬೊಟ್ಟು. ಮೇಲೆ ಪೊರೆ ಕಟ್ಟುವ ಮೊದಲೇ ಚೇಂಬರನ್ನು ಜಾರಿಸದೆ ನೇರ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ, ಮೊದಲು ಬೆರಳಿನಲ್ಲಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿದೆ. ಹೊರಗೆ ಬಂದದ್ದು ದಾರದಂಥ ಸಣ್ಣ ಅಂಚು. ಯಜಮಾನರು ಎರಡು ಸಲ ಫೋನ್ ಮಾಡಿದರು. ಮರುದಿನ ಸಂಜೆಯವರೆಗೆ ಆಯಿಲ್ ತುಂಬಲಿಲ್ಲ.

ನಿನ್ನೆ ರಾತ್ರಿ ಮಲಗಿದಾಗ ಹೋದ ವರ್ಷ ಇದೇ ಕೈಯಲ್ಲಿ, ಇದೇ ರೀತಿ ಜೋಡಿಸಿಕೊಟ್ಟ ಇನ್ನೊಂದು ಎಂಜಿನ್ ನೆನಪಾಯಿತು. ಬೆಳಗ್ಗೆ ಎದ್ದವನೇ ಆ ಗಾಡಿಯ ಹುಡುಗನಿಗೆ ಫೋನ್ ಮಾಡಿದೆ. ಒಂದ್ಸಲ ಚೇಂಬರ್ ಇಳಿಸಿ ನೋಡಬೇಕು, ಗಾಡಿ ತಗೊಂಡು ಬಾ, ದುಡ್ಡೇನೂ ಬೇಡ ಅಂದೆ.

"ಯಾಕಣ್ಣ? ಒಂದು ಹನೀನೂ ಸೋರ್ತಾ ಇಲ್ವಲ್ಲ" ಅಂದ.

"ಹೊರಗೆ ಸೋರ್ತಾ ಇಲ್ಲ, ಗೊತ್ತು. ಆದ್ರೂ ಬಾ" ಅಂದೆ.