ಎಸ್‌ವಿಡಿಯಿಂದ ಫೋರ್ತ್‌ಗೆ: ಬ್ಲೂ ಪಿಲ್ ಸ್ಕ್ರಿಪ್ಟ್ ಎಲ್ಲಿಗೆ ಬಂತು

ನಾನು ಬರೆಯುತ್ತಿದ್ದ ಶೆಲ್ ಸ್ಕ್ರಿಪ್ಟ್ ಈಗ ಕೆಲಸಕ್ಕೆ ಬರುವ ಹಾಗಾಗಿದೆ. ಬ್ಲೂ ಪಿಲ್ ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿರುವ ಎಸ್‌ಟಿಎಂ32ಎಫ್103 ಚಿಪ್‌ನ ಎಸ್‌ವಿಡಿ ಫೈಲ್ (ಚಿಪ್‌ನ ವಿಳಾಸಗಳ ವಿವರ) ಕೊಟ್ಟರೆ, ಮೆಕ್ರಿಸ್ಪ್ ಫೋರ್ತ್‌ಗೆ (ಚಿಪ್‌ನಲ್ಲೇ ಓಡುವ ಫೋರ್ತ್ ಭಾಷೆ) ಬೇಕಾದ ಕಾನ್‌ಸ್ಟಂಟ್ ಸಾಲುಗಳನ್ನು, ಅಂದ್ರೆ ವಿಳಾಸಕ್ಕೊಂದು ಹೆಸರು ಕೊಡುವ ಸಾಲುಗಳನ್ನು, ಬರೆದು ಕೊಡುತ್ತದೆ. ಸಿ ಬರೆಯುವವರಿಗೆ ಈ ತಾಪತ್ರಯ ಇಲ್ಲ, ಹೆಡರ್ ಫೈಲ್ ರೆಡಿ ಸಿಗುತ್ತದೆ. ಫೋರ್ತ್ ಹಿಡಿದವರು ಮ್ಯಾನ್ಯುಯಲ್ ನೋಡಿಕೊಂಡು ಒಂದೊಂದೇ ವಿಳಾಸ ಟೈಪ್ ಮಾಡಬೇಕು, ಇಲ್ಲಾ ಹೀಗೇನಾದರೂ ಮಾಡಿಕೊಳ್ಳಬೇಕು.

ಎಸ್‌ವಿಡಿ ಅಂದ್ರೆ ಆರ್ಮ್‌ನವರು ರೂಪಿಸಿದ ಎಕ್ಸ್‌ಎಂಎಲ್ ಫಾರ್ಮ್ಯಾಟ್. ಪ್ರತಿ ಪೆರಿಫೆರಲ್‌ನ (ಪಿನ್, ಕ್ಲಾಕ್ ಇತ್ಯಾದಿ ನೋಡಿಕೊಳ್ಳುವ ಚಿಪ್‌ನ ಘಟಕ) ಬೇಸ್ ವಿಳಾಸ, ಅದರ ರಿಜಿಸ್ಟರ್‌ಗಳ (ಅದನ್ನು ನಡೆಸುವ ಮೆಮೊರಿ ಜಾಗಗಳು) ಆಫ್‌ಸೆಟ್ ಅಂದ್ರೆ ಬೇಸ್‌ನಿಂದ ಎಷ್ಟು ದೂರ, ಒಳಗಿನ ಬಿಟ್‌ಗಳು, ಎಲ್ಲ ಅದರಲ್ಲಿವೆ. ಲೆಕ್ಕವೇನೋ ಸುಲಭ. ಪೋರ್ಟ್ ಸಿ ಪಿನ್‌ಗಳನ್ನು ನಡೆಸುವ ಜಿಪಿಐಒ-ಸಿ ಬೇಸ್ ಹೆಕ್ಸ್ 40011000, ಪಿನ್ ಆನ್-ಆಫ್ ಮಾಡುವ ಬಿಎಸ್‌ಆರ್‌ಆರ್ ರಿಜಿಸ್ಟರ್‌ನ ಆಫ್‌ಸೆಟ್ 10, ಕೂಡಿದರೆ 40011010. ಹೆಕ್ಸ್ ಕೂಡೋದು ಶೆಲ್‌ಗೇ ಬರುತ್ತದೆ, ಪ್ರಿಂಟ್ಎಫ್ ಅದನ್ನು ಎಂಟು ಅಂಕಿಗೆ ತಂದು ಕೊಡುತ್ತದೆ. ಆಕ್ ಅನ್ನೋ ಪಠ್ಯ ಸಂಸ್ಕರಣೆ ಟೂಲ್‌ನಲ್ಲೇ ಮಾಡಬಹುದಿತ್ತು, ಆದರೆ ಅಲ್ಲಿ ಹೆಕ್ಸ್ ಪಠ್ಯವನ್ನು ಸಂಖ್ಯೆ ಮಾಡೋಕೆ ಬೇಕಾಗುವ ಸ್ಟ್ರ್‌ಟುನಮ್ ಗ್ನೂ ಆಕ್‌ನ ಸ್ವಂತ ಸೇರ್ಪಡೆ, ಪಾಸಿಕ್ಸ್ ಸ್ಟ್ಯಾಂಡರ್ಡ್‌ನಲ್ಲಿಲ್ಲ. ಅದೊಂದಕ್ಕಾಗಿ ಇನ್ನೊಂದು ಪ್ಯಾಕೇಜ್ ಹಾಕಿಕೊಳ್ಳೋದು ನನಗಿಷ್ಟ ಇಲ್ಲ.

ತಲೆ ತಿಂದದ್ದು ಬೇರೆ. ಈ ಫೈಲ್‌ನಲ್ಲಿ ಜಿಪಿಐಒ-ಸಿ ಕೆಳಗೆ ಒಂದೂ ರಿಜಿಸ್ಟರ್ ಇಲ್ಲ! ಹೆಸರು, ಬೇಸ್ ವಿಳಾಸ ಇವೆ, ಉಳಿದದ್ದೆಲ್ಲ ಜಿಪಿಐಒ-ಎ ಇದ್ದ ಹಾಗೇ ಅಂತ ಡಿರೈವ್ಡ್‌ಫ್ರಮ್ ಅನ್ನೋ ಆಟ್ರಿಬ್ಯೂಟ್ ಹೇಳುತ್ತದೆ, ಅಷ್ಟೇ. ಹಾಗಾಗಿ ಗ್ರೆಪ್, ಸೆಡ್ ಇಟ್ಟುಕೊಂಡು ಸಾಲು ಹಿಡಿಯುತ್ತಾ ಹೋದರೆ ಅರ್ಧ ಚಿಪ್ ಕೈತಪ್ಪುತ್ತದೆ. ಅದಕ್ಕೇ ಎಕ್ಸ್‌ಎಂಎಲ್ ಓದುವ ಎಕ್ಸ್‌ಎಂಎಲ್‌ಸ್ಟಾರ್ಲೆಟ್ ಅನ್ನೋ ಟೂಲ್‌ನಿಂದ ಮೊದಲು ಪೆರಿಫೆರಲ್ ಹೆಸರು, ಮೂಲ (ಡಿರೈವ್ಡ್‌ಫ್ರಮ್‌ನಲ್ಲಿರುವ ಹೆಸರು), ಬೇಸ್ ಮಾತ್ರ ತೆಗೆಯುತ್ತೇನೆ. ಮೂಲದ ಜಾಗ ಖಾಲಿಯಿದ್ದರೆ ಅದರದ್ದೇ ರಿಜಿಸ್ಟರ್ ಪಟ್ಟಿ, ಇಲ್ಲದಿದ್ದರೆ ಮೂಲದ ಪಟ್ಟಿಗೆ ಇದರ ಬೇಸ್ ಸೇರಿಸೋದು.

ಈ ಮೂರು ಕಾಲಂಗಳನ್ನು ಟ್ಯಾಬ್ ಬಿಟ್ಟು ಪೈಪ್ ಗುರುತಿನಿಂದ (|) ಬೇರೆ ಮಾಡಿದ್ದಕ್ಕೆ ಕಾರಣ ಇದೆ. ಶೆಲ್‌ನ ರೀಡ್ ಕಮಾಂಡ್ ಟ್ಯಾಬನ್ನು ಖಾಲಿ ಜಾಗ ಅಂತಲೇ ಲೆಕ್ಕ ಹಾಕುತ್ತದೆ, ಎರಡು ಟ್ಯಾಬ್ ಒಟ್ಟಿಗೆ ಬಂದರೆ ಒಂದೇ ಅಂದುಕೊಳ್ಳುತ್ತದೆ. ಆಗ ಖಾಲಿ ಕಾಲಂ ಮಾಯವಾಗಿ ಬೇಸ್ ವಿಳಾಸ ಮೂಲದ ಜಾಗದಲ್ಲಿ ಬಂದು ಕೂರುತ್ತದೆ. ಎರರ್ ಗಿರರ್ ಏನೂ ಬರಲ್ಲ.

ಬಿಟ್‌ಗಳದ್ದು ಇನ್ನೊಂದು ಕಥೆ. ಒಂದೇ ವಿಷಯ ಹೇಳೋಕೆ ಈ ಫಾರ್ಮ್ಯಾಟ್ ಮೂರು ದಾರಿ ಕೊಡುತ್ತದೆ: ಆಫ್‌ಸೆಟ್ ಮತ್ತು ಅಗಲ, ಕೊನೆ-ಮೊದಲ ಬಿಟ್ ಬೇರೆ ಬೇರೆ ಟ್ಯಾಗ್‌ನಲ್ಲಿ, ಅಥವಾ ಚೌಕ ಆವರಣದೊಳಗೆ ರೇಂಜ್. ಮೂರು ಯಾಕೆ ಬೇಕಿತ್ತೋ! ಸದ್ಯ ಮೊದಲನೆಯದನ್ನಷ್ಟೇ ಓದುತ್ತಿದ್ದೇನೆ, ಈ ಚಿಪ್‌ಗೆ ಅದು ಸಾಕು.

ಎಲ್ಲ ಪೆರಿಫೆರಲ್ ಒಟ್ಟಿಗೆ ಲೋಡ್ ಮಾಡೋ ಹಾಗಿಲ್ಲ. ಚಿಪ್‌ನ ಫ್ಲ್ಯಾಶ್ 64 ಕೆಬಿ, ಫೋರ್ತ್‌ನಲ್ಲಿ ಪ್ರತಿ ಕಾನ್‌ಸ್ಟಂಟ್‌ನ ಹೆಸರೂ ಡಿಕ್ಷನರಿಯಲ್ಲಿ (ಚಿಪ್‌ನಲ್ಲೇ ಇರುವ ಅದರ ಪದಪಟ್ಟಿ) ಉಳಿದು ಜಾಗ ತಿನ್ನುತ್ತದೆ. ಅದಕ್ಕೇ ಬೇಕಾದ ಹೆಸರುಗಳನ್ನು ಕಮಾಂಡ್ ಲೈನ್‌ನಲ್ಲೇ ಕೊಡಬೇಕು. ಆರ್‌ಸಿಸಿ (ಕ್ಲಾಕ್ ನೋಡಿಕೊಳ್ಳುವ ಪೆರಿಫೆರಲ್), ಜಿಪಿಐಒ-ಸಿ ಎರಡನ್ನೇ ಕೊಟ್ಟು ನೋಡಿದೆ. ಆರ್‌ಸಿಸಿಯಲ್ಲಿ ಪೋರ್ಟ್ ಸಿ ಕ್ಲಾಕ್ ಆನ್ ಮಾಡಿ, ಪಿನ್ 13 ಅನ್ನು ಔಟ್‌ಪುಟ್ ಮಾಡಿ, ಬಿಎಸ್‌ಆರ್‌ಆರ್‌ನ 29ನೇ ಬಿಟ್ ಬರೆದರೆ ಬೋರ್ಡಿನ ಎಲ್‌ಇಡಿ ಹತ್ತುತ್ತದೆ. 13ನೇ ಬಿಟ್ ಬರೆದರೆ ಆರುತ್ತದೆ, ಅದರ ವೈರಿಂಗೇ ಉಲ್ಟಾ, ಪಿನ್ ಸೊನ್ನೆಯಾದಾಗ ಹತ್ತುತ್ತದೆ.

ಮುಂದಿನದು ಇಂಟರಪ್ಟ್ ನಂಬರ್‌ಗಳು. ಅವೂ ಅದೇ ಫೈಲಿನಲ್ಲಿವೆ.