ಉರಿ ಶುರುವಾದ ಆ ಬೆಳಗ್ಗೆ

ಎದ್ದು ಮೊದಲ ಸಲ ಮೂತ್ರಕ್ಕೆ ಹೋದಾಗಲೇ ಚುರ್ರೆನ್ನುತ್ತದೆ. ಬಂದು ಹತ್ತು ನಿಮಿಷ ಆಗಿರುವುದಿಲ್ಲ, ಮತ್ತೆ ಅವಸರ. ಕೂತರೆ ನಾಲ್ಕೇ ಹನಿ. ಆ ಹೊತ್ತಿಗೆ ಎಷ್ಟೋ ಜನರ ಕೈ ಹೋಗುವುದು ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಮಾತ್ರೆಯ ಕಡೆಗೆ. ದಯವಿಟ್ಟು ಅದನ್ನು ನುಂಗಬೇಡಿ. ಒಂದೇ ಮಾತ್ರೆ ಒಳಗೆ ಹೋದರೂ ಆಮೇಲೆ ಕೊಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ರಿಪೋರ್ಟಿನಲ್ಲಿ ಏನೂ ಸಿಗುವುದಿಲ್ಲ, ಉರಿ ಮಾತ್ರ ಹಾಗೇ ಇರುತ್ತದೆ.

ಮಾತ್ರೆಗಿಂತ ಮೊದಲು ಉರಿ ಎಲ್ಲಿ, ಯಾವಾಗ ಎಂದು ಗಮನಿಸಿ. ಧಾರೆ ಶುರುವಾಗುವಾಗ ಉರಿದರೆ ತೊಂದರೆ ಮೂತ್ರನಾಳದಲ್ಲಿರಬಹುದು. ಕೊನೆಯ ಹನಿಗೆ ಕಿಬ್ಬೊಟ್ಟೆ ಹಿಂಡಿದಂತಾದರೆ ಮೂತ್ರಚೀಲದ ಮೇಲೆ ಅನುಮಾನ. ಹೊರಗಿನ ಚರ್ಮಕ್ಕೆ ತಾಗಿದಾಗ ಮಾತ್ರ ಉರಿಯುತ್ತಿದ್ದರೆ ಅಲ್ಲೇ ಹುಣ್ಣು, ಫಂಗಸ್ ಇರಬಹುದು, ಇಲ್ಲವೇ ಹೊಸ ಸೋಪು ಒಗ್ಗದಿರಬಹುದು. ಮುಟ್ಟು ನಿಂತವರಲ್ಲಿ ಆ ಭಾಗ ಒಣಗಿಯೂ ಉರಿಯುತ್ತದೆ. ಕೀವಿನಂಥ ಸ್ರಾವವಿದ್ದರೆ ಗೊನೋರಿಯಾ, ಕ್ಲಮೀಡಿಯಾದಂಥ ಲೈಂಗಿಕ ಸೋಂಕಿನ ಪರೀಕ್ಷೆ ಬೇಕು. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಅದು ಮರಳಿ ಬರುತ್ತದೆ. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ ನೋವು ಹೆಚ್ಚಾಗಿ ಕಲ್ಲಿನದು.

ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೆ. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಅದು ತೀರಾ ಹತ್ತಿರದ ದಾರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಗಂಡಸರದು ಸುಮಾರು 20 ಸೆಂ.ಮೀ. ಇರುವುದರಿಂದ ಅವರಿಗೆ ಸೋಂಕು ಕಡಿಮೆ. ಆದರೂ ಸೋಂಕಾದರೆ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕಡೆಗೂ ನೋಡಲೇಬೇಕಾಗುತ್ತದೆ.

ಸ್ಯಾಂಪಲ್ ಕೆಡುವುದು ಹೆಚ್ಚಾಗಿ ಡಬ್ಬಿ ಹಿಡಿಯುವಾಗ. ಕೈ ತೊಳೆದು, ಆ ಭಾಗವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ಒರೆಸಿ. ಮೊದಲ ಧಾರೆ ಹೊರಗೆ ಹೋಗಲಿ. ಧಾರೆ ನಿಲ್ಲಿಸದೆ, ನಡುವೆ ಡಬ್ಬಿ ಒಡ್ಡಿ 20–30 ಮಿ.ಲೀ. ಹಿಡಿಯಿರಿ. ಡಬ್ಬಿಯ ಅಂಚು ಮೈಗೆ ತಾಗಬಾರದು, ಮುಚ್ಚಳದ ಒಳಬದಿಗೆ ಬೆರಳು ಸೋಕಬಾರದು. ಒಂದು ಗಂಟೆಯೊಳಗೆ ಲ್ಯಾಬಿಗೆ ಕೊಡಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಹೊರಗೇ ಬಿಟ್ಟರೆ ಚರ್ಮದ ಬ್ಯಾಕ್ಟೀರಿಯಾಗಳೇ ಅದರಲ್ಲಿ ಬೆಳೆದು, ಇಲ್ಲದ ಸೋಂಕನ್ನು ತೋರಿಸುತ್ತವೆ.

ಸಣ್ಣ ಉರಿಯಾದರೆ ನೀರು ಕುಡಿಯುತ್ತಾ ಒಂದೆರಡು ದಿನದೊಳಗೆ ಡಾಕ್ಟರನ್ನು ಕಂಡರೆ ಸಾಕು. ಗರ್ಭಿಣಿಯರು, ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆಯವರು ಅಂದೇ ಹೋಗಬೇಕು. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ನಡುಕ, ಪಕ್ಕೆನೋವು, ವಾಂತಿ ಇವು ಸೋಂಕು ಕಿಡ್ನಿಗೆ ಏರಿದ ಗುರುತು. ಹೊಟ್ಟೆ ಬಿಗಿದು ಮೂತ್ರ ಕಟ್ಟಿಕೊಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಕಲ್ಚರ್ ರಿಪೋರ್ಟು ಬರಲು ಒಂದೆರಡು ದಿನವಾದರೂ ಬೇಕು. ಅಷ್ಟರಲ್ಲಿ ಡಾಕ್ಟರು ಅಂದಾಜಿನ ಮೇಲೆ ಮದ್ದು ಶುರುಮಾಡಿರುತ್ತಾರೆ. 48 ಗಂಟೆ ಕಳೆದರೂ ಉರಿ ತಗ್ಗದಿದ್ದರೆ ರಿಪೋರ್ಟು ಹಿಡಿದು ಮತ್ತೆ ಹೋಗಿ. ಆ ಬ್ಯಾಕ್ಟೀರಿಯಾಕ್ಕೆ ಯಾವ ಮದ್ದು ನಾಟುತ್ತದೆ ಎಂಬುದು ಅದರಲ್ಲೇ ಇರುತ್ತದೆ.