‘ಮನ್ಯಾಗ ಬೆಂಗಳೂರಿಗೆ ಕಳಸಲಿಲ್ಲೇನವಾ?’

ಕಳಿಸುತ್ತಿದ್ದರು. ನಾನೇ ಹೋಗಲಿಲ್ಲ.

ಉತ್ತರ ಇಷ್ಟೇ. ಮದುವೆ ಪಂಕ್ತಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸೈಟಿನಲ್ಲಿ ಕಬ್ಬಿಣದ ಸರಳು ಎಣಿಸುವಾಗ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಗೆದುಕೊಂಡು ಕೂತಾಗಲೂ ಇದನ್ನೇ ಹೇಳಲು ನೋಡಿದ್ದೇನೆ. ಯಾರೂ ನಂಬುವುದಿಲ್ಲ. ಇನ್ನು ಬಾಯಿ ನೋಯಿಸಿಕೊಳ್ಳಲಾರೆ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ: ಬಸವನ ಬಾಗೇವಾಡಿ ಕಡೆಯ ಹಳ್ಳಿಯವಳು ನಾನು. ಸಿಇಟಿಯಲ್ಲಿ ಚಲೋ ರ‍್ಯಾಂಕ್ ಬಂತು. ಬೆಂಗಳೂರಿನ ಹೆಸರುವಾಸಿ ಕಾಲೇಜೊಂದರಲ್ಲಿ ಸಿವಿಲ್ ಸೀಟು ಸಿಗುವಷ್ಟು ಚಲೋ. ನಾನು ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. ಅದೂ ಸಿವಿಲ್ಲೇ.

ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದನ್ನು ಕೇಳುವ ರೀತಿಗೆ. ನಾನು ಹುಡುಗನಾಗಿದ್ದರೆ ‘ಯಾಕ ಹೋಗಲಿಲ್ಲೋ’ ಅನ್ನುತ್ತಿದ್ದರು, ಹುಚ್ಚ ಅಂತಲೂ ಸೇರಿಸುತ್ತಿದ್ದರು. ಅದಾದರೂ ಮರ್ಯಾದೆ. ನನ್ನನ್ನು ಕೇಳುವುದು ‘ಯಾಕ ಕಳಸಲಿಲ್ಲ’. ಕೇಳಿ ನಮ್ಮಪ್ಪನ ಕಡೆ ಒಂದು ನೋಟ. ಆ ಮನುಷ್ಯ ಹೈಸ್ಕೂಲ್ ಮಾಸ್ತರ. ಪಿಯುಸಿ ಮುಗಿಯುವ ಮೊದಲೇ ಬೆಂಗಳೂರಿನ ಹಾಸ್ಟೆಲ್ ಫೀ ಎಷ್ಟು, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದವರು. ನಾನು ಒಲ್ಲೆ ಅಂದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗಳನ್ನು ಕಟ್ಟಿಹಾಕಿದ ಅಪವಾದ ಮಾತ್ರ ಇವತ್ತಿಗೂ ಅವರ ತಲೆಯ ಮೇಲೆ.

‘ಸಿಕ್ಕ ಸೀಟು ಬಿಟ್ಟಳು’ ಅನ್ನುವುದೂ ಸುಳ್ಳು. ಅಣಕು ಸೀಟು ಹಂಚಿಕೆಯಲ್ಲಿ ಬೆಂಗಳೂರು ಬಂದಿತ್ತು. ಅದು ನಿಜವಾದ ಸೀಟಲ್ಲ. ನೀವು ಕೊಟ್ಟ ಪಟ್ಟಿಗೆ, ನಿಮ್ಮ ರ‍್ಯಾಂಕಿಗೆ ಏನು ಸಿಗಬಹುದು ಎಂದು ಪರೀಕ್ಷಾ ಪ್ರಾಧಿಕಾರ ಮೊದಲೇ ತೋರಿಸುವ ಲೆಕ್ಕ. ಆಮೇಲೆ ಪಟ್ಟಿಯನ್ನು ಮೇಲೆ ಕೆಳಗೆ ಮಾಡಬಹುದು. ನಾನು ಬಾಗಲಕೋಟೆಯನ್ನು ಒಂದನೇ ನಂಬರಿಗೆ ತಂದೆ. ಮೇಲಿನದು ಸಿಕ್ಕರೆ ಕೆಳಗಿನವು ಅಲ್ಲಿಗೇ ಮುಗಿದವು. ಸೈಬರಿನ ಹುಡುಗ ಮೌಸ್ ಬಿಟ್ಟು ನಮ್ಮಪ್ಪನ ಕಡೆ ತಿರುಗಿದ: ‘ಸರ್, ತಂಗಿ ಉಲ್ಟಾ ಹಾಕ್ಯಾಳ್ರಿ.’ ಒತ್ತಲೇ ಒಲ್ಲ. ಕಡೆಗೆ ಬಟನ್ ನಾನೇ ಒತ್ತಿದೆ.

ಇನ್ನು ಬೆಳಗಾವಿಯಿಂದ ನನ್ನನ್ನು ನೋಡಲಿಕ್ಕೆ ಬಂದವರ ಸುದ್ದಿ. ಹುಡುಗ ಪಾಪ ಸುಮ್ಮನಿದ್ದ. ಮಾತೆಲ್ಲ ಅವನ ಸೋದರಮಾವನದು. ಉಪ್ಪಿಟ್ಟು ಮುಗಿದು ಶಿರಾಕ್ಕೆ ಕೈ ಹಾಕುವಾಗ ಕೇಳಿದರು: ‘ಬೆಂಗಳೂರು ಸೀಟ್ ಬಂದಿತ್ತಂತ? ಮನ್ಯಾಗ ಕಳಸಲಿಲ್ಲೇನವಾ?’

‘ಕಳಸ್ತಿದ್ರು. ನಾನೇ ಹೋಗಲಿಲ್ರಿ.’

ಅವರು ಭಾಳ ಪ್ರೀತಿಯಿಂದ ನಕ್ಕರು. ‘ಇರಲಿ ಬಿಡವಾ. ಹೆಣ್ಮಕ್ಕಳಿಗೆ ಯಾವ ಕಾಲೇಜಾದ್ರೇನು.’

ಒಂದೇ ಏಟಿಗೆ ನನ್ನನ್ನೂ ನನ್ನ ಕಾಲೇಜನ್ನೂ ಮುಗಿಸಿದ್ದರು, ಅದೂ ಸಮಾಧಾನ ಹೇಳುವ ದನಿಯಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ‘ಇನ್ನೊಂದೀಟು ಶಿರಾ ಹಾಕಸ್ಕೋರಿ’ ಅಂದರು. ನಮ್ಮಪ್ಪನ ಜಗಳ ಹಾಗೇ ಇರುತ್ತದೆ. ಹೇಳಬೇಕೆಂದಿದ್ದನ್ನು ಈಗ ಹೇಳುತ್ತೇನೆ: ಮಾವಾರ, ಬೆಂಗಳೂರಿನ ಆ ಕಾಲೇಜೂ ವಿಟಿಯುಗೇ ಸೇರಿದ್ದು. 1998ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಇರುವುದು ನಿಮ್ಮ ಬೆಳಗಾವಿಯಲ್ಲಿ. ಬೆಂಗಳೂರಿನಲ್ಲಿ ಓದಿದವರ ಪದವಿ ಪತ್ರವೂ ನಿಮ್ಮ ಊರಿನದೇ, ನನ್ನದೂ ನಿಮ್ಮ ಊರಿನದೇ. (ಆ ಸಂಬಂಧ ಕೂಡಲಿಲ್ಲ. ಕುಂಡಲಿ ಅಂದರು.)

ಹೆಸರಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ತಮ್ಮನಿಗೆ ಕಂಪ್ಯೂಟರ್ ಸೈನ್ಸ್ ಬೇಕಿತ್ತು, ಅವನನ್ನು ನಾನೇ ಹಟ ಹಿಡಿದು ಬೆಂಗಳೂರಿಗೆ ಕಳಿಸಿದೆ. ಆ ಕೆಲಸದ ಕಂಪನಿಗಳು ಎಲ್ಲಿವೆಯೋ ಅಲ್ಲಿನ ಕಾಲೇಜಿಗೆ ಮೊದಲು ಬರುತ್ತವೆ, ಹಳೆಯ ವಿದ್ಯಾರ್ಥಿಗಳೂ ಅಲ್ಲೇ ಇರುತ್ತಾರೆ. ಅಲ್ಲಿ ಹೆಸರು ಕೆಲಸಕ್ಕೆ ಬರುತ್ತದೆ. ಇದರಿಂದ ಮನೆಗೆ ಬಂದ ಲಾಭವೆಂದರೆ ಓಣಿಯವರಿಗೆ ಸಾಕ್ಷಿಯೂ ಸಿಕ್ಕಿತು: ‘ಮಗನ್ನ ಕಳಸ್ಯಾರ, ಮಗಳ್ನ ಕಳಸಲಿಲ್ಲ ನೋಡ.’

ನನಗೆ ಬೇಕಿದ್ದದ್ದು ಬೇರೆ. ಪಟ್ಟಿ ಮಾಡುವ ಮೊದಲು ಅಪ್ಪ ನನ್ನನ್ನು ಎರಡೂ ಕಡೆ ಕರೆದುಕೊಂಡು ಹೋಗಿದ್ದರು. ಬೆಂಗಳೂರಿನಲ್ಲಿ ಎ.ಸಿ. ಸಭಾಂಗಣ ತೋರಿಸಿದರು, ನೌಕರಿ ಸಿಕ್ಕವರ ಫೋಟೊಗಳ ದೊಡ್ಡ ಬೋರ್ಡು ತೋರಿಸಿದರು. ಮಣ್ಣಿನ ಲ್ಯಾಬ್ ಎಲ್ಲಿ ಎಂದು ಕೇಳಿದೆ. ‘ಅದೇನಿದೆ ಅಂತ ನೋಡ್ತೀಯಮ್ಮ’ ಅಂದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಸಭಾಂಗಣ ನೋಡಿದ ನೆನಪಿಲ್ಲ. ಲ್ಯಾಬಿನಲ್ಲಿದ್ದ ಹಿರಿಯರೊಬ್ಬರು ‘ಯಾವ ಊರವ್ವಾ’ ಅಂದರು. ಹೇಳಿದೆ. ‘ಹೌದಾ? ನಿಮ್ಮ ಕಡೆ ಮಣ್ಣು ಭಾಳ ಉಬ್ಬತದ. ಗ್ವಾಡಿ ಸೀಳ್ಯಾವಿಲ್ಲೋ?’

ಸೀಳಿದ್ದವು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ನನ್ನ ಕೈ ಹೋಗುವಷ್ಟು ಬಿರುಕಿತ್ತು. ಪ್ರತಿ ಬೇಸಿಗೆ ಅಪ್ಪ ಸಿಮೆಂಟು ತುಂಬುತ್ತಿದ್ದರು, ಮಳೆಗಾಲ ಕಳೆದರೆ ಮತ್ತೆ ಅದೇ. ನಾನು ಸಿವಿಲ್ ಬೇಕೆಂದದ್ದೇ ಆ ಗೋಡೆಗಾಗಿ. ಮುಖ ನೋಡಿ, ಊರು ಕೇಳಿ, ನಮ್ಮ ಮನೆಯ ಗೋಡೆಯ ಸುದ್ದಿ ಹೇಳಿದ ಜಾಗ ಬಿಟ್ಟು ಫೋಟೊ ಬೋರ್ಡಿನ ಕಡೆ ಹೋಗಬೇಕಿತ್ತೇ? ವಿದ್ಯಾಗಿರಿಯಿಂದ ಆಚೆಗೆ ಹೋದರೆ ನವನಗರ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ದೊಡ್ಡ ಭಾಗ ಹೋಗಿ, ಸೆಕ್ಟರು ಸೆಕ್ಟರಾಗಿ ಕಟ್ಟಿದ ಊರು. ಸಿವಿಲ್ ಓದುವವರಿಗೆ ಅದಕ್ಕಿಂತ ದೊಡ್ಡ ಲ್ಯಾಬ್ ಎಲ್ಲಿ ಸಿಗಬೇಕು? ಬೆಂಗಳೂರಿನಲ್ಲಿ ಕೆಮ್ಮಣ್ಣು. ನಮ್ಮ ಕಡೆಯ ಉಬ್ಬುವ ಕಪ್ಪು ಮಣ್ಣು, ಎರೆಮಣ್ಣು, ಬೇಕೆಂದರೆ ಚೀಲದಲ್ಲಿ ತರಿಸಬೇಕು.

ಇದಿಷ್ಟು ಹೇಳಿದ ಮೇಲೂ ‘ಖರೇ ಹೇಳ, ಮನ್ಯಾಗ ಬ್ಯಾಡ ಅಂದ್ರಲ್ಲ?’ ಎನ್ನುವವರಿದ್ದಾರೆ. ಅವರಿಗೆ ನಮಸ್ಕಾರ.

ಇಷ್ಟು ವರ್ಷದಲ್ಲಿ ನನ್ನ ಕಾಲೇಜಿನ ಸುದ್ದಿ ತೆಗೆದ ಒಬ್ಬರಾದರೂ ‘ಹಂಗಾದ್ರ ನಮ್ಮ ಗ್ವಾಡಿ ಯಾಕ ಸೀಳತದ?’ ಎಂದು ಕೇಳಿಲ್ಲ. ವಿಜಯಪುರದಲ್ಲಿ ಕೂತು ಮನೆಗಳ ನಕ್ಷೆ ಮಾಡುವವಳನ್ನು ಕೇಳಬೇಕಾದದ್ದು ಅದನ್ನಲ್ಲವೇ? ಕೇಳದಿದ್ದರೂ ಹೇಳುತ್ತೇನೆ.

ಎರೆಮಣ್ಣಿನ ಜಿಗುಟು ಭಾಗದಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇರುತ್ತದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪರೀಕ್ಷೆ ಸರಳ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆ ಜಾರಿನಲ್ಲಿ ನೀರಿಗೆ, ಅಷ್ಟೇ ಮಣ್ಣನ್ನು ಇನ್ನೊಂದರಲ್ಲಿ ಚಿಮಣಿ ಎಣ್ಣೆಗೆ (ಸೀಮೆಎಣ್ಣೆಗೆ) ಹಾಕಿ 24 ತಾಸು ಬಿಡಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಜಾಗ ಹಿಡಿಯಿತು ಎಂಬುದೇ ಲೆಕ್ಕ. ಶೇ. 50 ದಾಟಿದರೆ ಹುಷಾರಾಗಿರಬೇಕು. ಮನೆಯ ಕೆಳಗಿನ ಮಣ್ಣು ಎಲ್ಲ ಕಡೆ ಒಂದೇ ಸಮ ಉಬ್ಬಿದರೆ ತೊಂದರೆ ಕಡಿಮೆ. ಒಂದು ಮೂಲೆ ಹಸಿ, ಇನ್ನೊಂದು ಮೂಲೆ ಒಣ ಆದಾಗ ಗೋಡೆ ಓರೆಯಾಗಿ ಸೀಳುತ್ತದೆ. ನಮ್ಮ ಮನೆಯಲ್ಲಿ ಆ ಹಸಿ ಮೂಲೆ ಬಚ್ಚಲದ್ದು. ನೀರು ಅಡುಗೆಮನೆಯ ಗೋಡೆಯ ಬುಡದಲ್ಲೇ ಇಂಗುತ್ತಿತ್ತು. ಅಪ್ಪ ಸಿಮೆಂಟು ತುಂಬಿದ್ದು ಬಿರುಕಿಗೆ, ರೋಗವಿದ್ದದ್ದು ಬಚ್ಚಲಲ್ಲಿ.

ಮಳೆ ಬಿಸಿಲಿನ ಆಟ ನೆಲದೊಳಗೆ ಸುಮಾರು 3.5 ಮೀಟರಿನವರೆಗೂ ನಡೆಯುತ್ತದೆ. ಅದಕ್ಕೇ ಹೊಸದಾಗಿ ಕಟ್ಟುವವರಿಗೆ ಅಂಡರ್‌ರೀಮ್ಡ್ ಪೈಲ್ ಹೇಳುತ್ತೇವೆ. ಆ ಆಳಕ್ಕೆ ಕುಳಿ ಕೊರೆದು, ಬುಡವನ್ನು ಅಗಲ ಮಾಡಿ ಕಾಂಕ್ರೀಟು ತುಂಬುವುದು. ಅಷ್ಟು ಖರ್ಚು ಆಗದಿದ್ದರೆ, ಮನೆ ಸಣ್ಣದಿದ್ದರೆ, ಪಾಯದ ಕೆಳಗಿನ ಎರೆಮಣ್ಣು ತೆಗೆದು ಒಳ್ಳೆ ಗರಸು ಹಾಕಿ ದಮ್ಮಸು ಮಾಡಿಸಿ, ಮೇಲೆ ಪ್ಲಿಂತ್ ಬೀಮ್, ಅಂದರೆ ಗೋಡೆಗಳ ಬುಡದಲ್ಲಿ ಸುತ್ತ ಕಾಂಕ್ರೀಟಿನ ತೊಲೆ, ಕೊಡಿ. ಈಗಾಗಲೇ ಕಟ್ಟಿ ಕೂತವರು ಗೋಡೆಯ ಸುತ್ತ ಹೊರಗೆ ಇಳಿಜಾರಾಗಿ ಕಾಂಕ್ರೀಟು ಹಾಸಿ, ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಒಯ್ಯಿರಿ. ಗೋಡೆಗೆ ಹತ್ತಿಕೊಂಡು ಬೇವಿನ ಗಿಡ ಹಚ್ಚಬೇಡಿ, ಅದು ಒಂದೇ ಕಡೆಯ ನೀರು ಎಳೆಯುತ್ತದೆ.

ಬಿರುಕಿನ ಫೋಟೊ ಕಳಿಸುವವರು ದಯವಿಟ್ಟು ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ. ಬಚ್ಚಲು ಯಾವ ಕಡೆ ಇದೆ ಎಂದು ಕೆಳಗೆ ಬರೆಯಿರಿ. ನಾನು ಯಾವ ಕಾಲೇಜಿನವಳು ಎಂದು ಮತ್ತೆ ಕೇಳಬೇಡಿ.